ನಿದ್ದೆಯಲ್ಲಿ ನಡೆಯುವ ಮಗುವಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕಬಹುದೇ?

ನಿಮ್ಮ ಏಳು ವರ್ಷದ ಮಗಳು ರಾತ್ರಿ ನಿದ್ದೆಯಲ್ಲೇ ಎದ್ದು ಓಡಾಡುತ್ತಾಳೆ, ಕಳೆದ ವಾರ ಮುಂಬಾಗಿಲಿನ ಚಿಲಕ ತೆಗೆದು ಮಹಡಿ ಮೆಟ್ಟಿಲಿನ ತುದಿಯಲ್ಲಿ ನಿಂತಿದ್ದಳು, ಅಂದಿನಿಂದ ನೀವು ದಂಪತಿ ಸರದಿಯ ಮೇಲೆ ಎಚ್ಚರವಿದ್ದು ಕಾಯುತ್ತಿದ್ದೀರಿ ಎಂದು ಬರೆದಿದ್ದೀರಿ. ಅವಳ ಕೋಣೆಗೆ ಹೊರಗಿನಿಂದ ಚಿಲಕ ಹಾಕಬಹುದೇ, ನಡೆಯುತ್ತಿರುವಾಗ ಎಬ್ಬಿಸಿದರೆ ಅಪಾಯವೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ. ನಾನು ವೈದ್ಯೆಯಲ್ಲ. ಆದರೆ ನನ್ನ ಮಗ ಆರನೆಯ ವಯಸ್ಸಿನಿಂದ ಹನ್ನೊಂದರವರೆಗೆ ಹೀಗೆಯೇ ನಡೆಯುತ್ತಿದ್ದುದರಿಂದ, ಮಕ್ಕಳ ವೈದ್ಯರು ಹೇಳಿದ್ದನ್ನೂ ನಾವು ತಪ್ಪು ಮಾಡಿ ಕಲಿತದ್ದನ್ನೂ ಸೇರಿಸಿ ಉತ್ತರಿಸುತ್ತಿದ್ದೇನೆ.

ಮಗುವಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕಬೇಡಿ. ನಾವು ಎರಡು ರಾತ್ರಿ ಹಾಕಿದ್ದೆವು. ಎರಡನೆಯ ರಾತ್ರಿ ಬಾಗಿಲು ಬಡಿಯುವ ಸದ್ದಿಗೆ ಎದ್ದು ಹೋಗಿ ನೋಡಿದರೆ, ಮಗ ಪೂರ್ತಿ ಎಚ್ಚರಗೊಂಡು, ಎಲ್ಲಿದ್ದೇನೆಂದು ತಿಳಿಯದೆ, ಒದ್ದೆ ಚಡ್ಡಿಯಲ್ಲಿ ನಿಂತು ಅಳುತ್ತಿದ್ದ. ಮೂತ್ರದ ಒತ್ತಡವೇ ಅವನನ್ನು ಎಬ್ಬಿಸಿತ್ತೆಂಬುದು ನಮಗೆ ಹೊಳೆದದ್ದು ಆಗ. ಅದಕ್ಕಿಂತ ದೊಡ್ಡ ಕಾರಣವೆಂದರೆ, ರಾತ್ರಿ ಶಾರ್ಟ್ ಸರ್ಕಿಟ್ ಆಗಿ ಮನೆಯಲ್ಲಿ ಹೊಗೆ ತುಂಬಿದರೆ ಹೊರಗಿನಿಂದ ಚಿಲಕ ಬಿದ್ದಿರುವ ಕೋಣೆಯಿಂದ ಮಗು ತಾನಾಗಿ ಹೊರಬರಲಾರದು. ಭದ್ರಪಡಿಸಬೇಕಾದದ್ದು ಮನೆಯಿಂದ ಹೊರಗೆ ಹೋಗುವ ದಾರಿಗಳನ್ನು, ಅಂದರೆ ಮುಂಬಾಗಿಲು, ಹಿತ್ತಿಲ ಬಾಗಿಲು, ತಾರಸಿಯ ಬಾಗಿಲು ಮತ್ತು ಬಾಲ್ಕನಿಯನ್ನು. ಮಗು ತನ್ನ ಕೋಣೆಯಿಂದ ಬಚ್ಚಲಿಗೂ ನಿಮ್ಮ ಹಾಸಿಗೆಗೂ ಯಾವ ಅಡ್ಡಿಯಿಲ್ಲದೆ ಬರುವಂತಿರಲಿ.

ನಿದ್ದೆಯಲ್ಲಿ ನಡೆಯುವ ಮಗುವಿನ ಕೈ ತನಗೆ ರೂಢಿಯಾದ ಕೆಲಸವನ್ನು ಸಲೀಸಾಗಿ ಮಾಡಿಬಿಡುತ್ತದೆ. ದಿನವೂ ತೆಗೆಯುವ ಚಿಲಕವನ್ನು ನಿಮ್ಮ ಮಗಳು ತೆಗೆದದ್ದರಲ್ಲಿ ಆಶ್ಚರ್ಯವೇನಿಲ್ಲ. ಆದ್ದರಿಂದ ಅವಳು ಎಂದೂ ಮುಟ್ಟಿರದ ಜಾಗದಲ್ಲಿ, ಬಾಗಿಲಿನ ಮೇಲ್ತುದಿಯಲ್ಲಿ, ಇನ್ನೊಂದು ಚಿಲಕವನ್ನು ಬಡಗಿಯಿಂದ ಹಾಕಿಸಿ. ಹಾಗೆ ಹಾಕಿಸಿದ ಮೇಲೆ ಬಾಗಿಲ ಬಳಿ ಪ್ಲಾಸ್ಟಿಕ್ ಸ್ಟೂಲನ್ನಾಗಲೀ ಕುರ್ಚಿಯನ್ನಾಗಲೀ ಬಿಡಬೇಡಿ. ನನ್ನ ಮಗ ಒಮ್ಮೆ ಸ್ಟೂಲನ್ನು ಎಳೆದು ತಂದು ಅದರ ಮೇಲೆ ಹತ್ತಿ ನಿಂತಿದ್ದ. ರಾತ್ರಿ ಗೇಟಿಗೆ ಬೀಗ ಹಾಕುವ ಮನೆಯಾದರೆ ಬೀಗದ ಕೈ ಎಲ್ಲಿದೆ ಎಂಬುದು ಮನೆಯ ದೊಡ್ಡವರಿಗೆಲ್ಲ ತಿಳಿದಿರಬೇಕು, ಕತ್ತಲಲ್ಲಿಯೂ ಕೈಗೆ ಸಿಗುವ ಮೊಳೆಗೆ ಅದು ತೂಗಿರಬೇಕು.

ಎಷ್ಟೇ ಚಿಲಕಗಳಿದ್ದರೂ ಮಗು ಎದ್ದದ್ದು ನಿಮಗೆ ತಿಳಿಯುವ ಏರ್ಪಾಡು ಮುಖ್ಯ. ನಮ್ಮ ಅತ್ತೆಯವರು ಊರಿನ ಕೊಟ್ಟಿಗೆಯಲ್ಲಿದ್ದ ಹಳೆಯ ದನದ ಕೊರಳಗಂಟೆಯೊಂದನ್ನು ತಂದುಕೊಟ್ಟರು. ಅದನ್ನು ಮಗನ ಕೋಣೆಯ ಬಾಗಿಲಿಗೆ, ಬಾಗಿಲು ಅಲುಗಿದರೆ ಸಾಕು ಸದ್ದಾಗುವಂತೆ, ಗಿಡ್ಡನೆಯ ದಾರದಲ್ಲಿ ಕಟ್ಟಿದೆವು. ಕಿಲುಬು ಹಿಡಿದ ಕಂಚಿನ ಆ ಗಂಟೆಯ ಮಂದವಾದ ಸದ್ದಿಗೆ ಮಗ ಬೆಚ್ಚುತ್ತಿರಲಿಲ್ಲ, ನನಗೆ ಮಾತ್ರ ಎಚ್ಚರವಾಗುತ್ತಿತ್ತು. ಬಾಗಿಲು ತೆರೆದರೆ ಕೂಗುವ ಬ್ಯಾಟರಿಯ ಅಲಾರ್ಮ್‌ಗಳೂ ಸಿಗುತ್ತವೆ. ಅದು ಮಗುವಿನ ಕಿವಿಯ ಬಳಿ ಅರಚದೆ ನಿಮ್ಮ ಕೋಣೆಯಲ್ಲಿ ಸದ್ದು ಮಾಡುವಂಥದ್ದಾಗಿದ್ದರೆ ಒಳ್ಳೆಯದು. ಮಗುವಿನ ಕಾಲಿಗೆ ದಾರ ಕಟ್ಟಿ ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಳ್ಳಿ ಎಂದು ಹೇಳುವವರೂ ಇದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ, ದಾರ ತೊಡರಿ ಬೀಳಬಹುದು, ಕುತ್ತಿಗೆಗೆ ಸುತ್ತಿಕೊಳ್ಳಲೂಬಹುದು. ಇದೇ ಕಾರಣಕ್ಕೆ, ಗಾಳಿ ಸೋಕಿದೆಯೆಂದು ಯಾರಾದರೂ ತಾಯತ ಕಟ್ಟಿಸಿದ್ದರೆ ರಾತ್ರಿ ಅದು ಕೊರಳಲ್ಲಿ ಬೇಡ. ದೃಷ್ಟಿ ತೆಗೆಯುವುದಕ್ಕೆ ನನ್ನ ಅಭ್ಯಂತರವೇನೂ ಇಲ್ಲ.

ಒಂದು ರಾತ್ರಿ ದೀಪ ಆರಿಸಿ, ಮಗಳ ಎತ್ತರಕ್ಕೆ ಬಗ್ಗಿ, ಅವಳ ಹಾಸಿಗೆಯಿಂದ ಮುಂಬಾಗಿಲವರೆಗೆ ನೀವೇ ನಡೆದು ನೋಡಿ. ನಮಗೆ ಹಾಗೆ ಕಾಲಿಗೆ ಸಿಕ್ಕಿದ್ದು ಉರಿಯುತ್ತಿದ್ದ ಸೊಳ್ಳೆಬತ್ತಿ, ಮೊಬೈಲ್ ಚಾರ್ಜರಿನ ವೈರು, ಅಡುಗೆಮನೆಯ ಮೂಲೆಯಲ್ಲಿ ಅಲಗು ಮೇಲೆದ್ದಂತೆಯೇ ಬಿಟ್ಟಿದ್ದ ಈಳಿಗೆ ಮಣೆ. ಇವೆಲ್ಲವೂ ಮಲಗುವ ಮುನ್ನ ಎತ್ತಿಡಬೇಕಾದವು. ಗ್ಯಾಸಿನ ರೆಗ್ಯುಲೇಟರನ್ನು ಆರಿಸಿ, ಸಂಪಿನ ಮುಚ್ಚಳಕ್ಕೂ ಬಾವಿಯಿದ್ದರೆ ಅದಕ್ಕೂ ಭದ್ರವಾದ ಮುಚ್ಚಿಗೆ ಹಾಕಿಸಿ. ಎರಡಂತಸ್ತಿನ ಮಂಚದ ಮೇಲಿನ ಅಂತಸ್ತು ಇಂಥ ಮಗುವಿಗೆ ಸಲ್ಲದು. ನಾವು ಮಂಚವನ್ನೇ ಬಿಟ್ಟು ನೆಲದ ಮೇಲೆ ಹಾಸಿಗೆ ಹಾಸಿದೆವು. ಕಿಟಕಿಗಳಿಗೆ ಸರಳುಗಳಿದ್ದರೆ ಆ ಚಿಂತೆ ಕಡಿಮೆ, ಆದರೆ ಬಾಲ್ಕನಿಗೆ ಗ್ರಿಲ್ ಇಲ್ಲದಿದ್ದರೆ ಅದರ ಬಾಗಿಲಿಗೂ ಮೇಲ್ಚಿಲಕ ಬೇಕು. ಮಹಡಿಯ ಮೇಲೆ ಮಲಗಿಸುತ್ತಿದ್ದರೆ ಕೆಲಕಾಲ ಕೆಳಗೆ ಮಲಗಿಸುವುದೇ ಲೇಸು.

ನೀವು ಇಡೀ ರಾತ್ರಿ ಸರದಿಯ ಮೇಲೆ ಕಾಯುವ ಅಗತ್ಯ ಬಹುಮಟ್ಟಿಗೆ ಇಲ್ಲ. ಈ ನಡಿಗೆ ಸಾಮಾನ್ಯವಾಗಿ ಗಾಢನಿದ್ದೆಯಿಂದ ಅರೆಬರೆ ಎಚ್ಚರವಾಗುವಾಗ ಉಂಟಾಗುತ್ತದೆ. ಗಾಢನಿದ್ದೆ ರಾತ್ರಿಯ ಮೊದಲ ಮೂರನೆಯ ಒಂದು ಭಾಗದಲ್ಲಿ ಹೆಚ್ಚಾಗಿರುವುದರಿಂದ, ಮಗು ಮಲಗಿದ ಒಂದರಿಂದ ಮೂರು ಗಂಟೆಯೊಳಗೆ ಏಳುವುದೇ ಹೆಚ್ಚು. ದೇಹವನ್ನು ನಡೆಸುವ ಮಿದುಳಿನ ಭಾಗ ಎದ್ದಿರುತ್ತದೆ, ವಿವೇಚನೆಯ ಮತ್ತು ನೆನಪಿನ ಭಾಗ ಮಲಗಿಯೇ ಇರುತ್ತದೆ. ಅದಕ್ಕೇ ಕಣ್ಣು ತೆರೆದಿದ್ದರೂ ನೋಟ ನಮ್ಮನ್ನು ದಾಟಿ ಹೋಗುತ್ತದೆ, ಬೆಳಗ್ಗೆ ಕೇಳಿದರೆ ಏನೂ ನೆನಪಿರುವುದಿಲ್ಲ. ನನ್ನ ಮಗ ಹತ್ತೂವರೆಗೆ ಮಲಗಿದರೆ ಹನ್ನೆರಡರ ಸುಮಾರಿಗೆ, ನಾವಿಬ್ಬರೂ ನಿದ್ದೆಹೋದ ಹೊತ್ತಿಗೆ ಸರಿಯಾಗಿ, ಏಳುತ್ತಿದ್ದ. ಅವನನ್ನು ಒಂಬತ್ತಕ್ಕೆ ಮಲಗಿಸತೊಡಗಿದ ಮೇಲೆ, ಎದ್ದರೂ ನಾವು ಎಚ್ಚರವಾಗಿರುವಾಗಲೇ ಏಳುತ್ತಿದ್ದ.

ಮಲಗುವ ಹೊತ್ತನ್ನು ಹಿಂದಕ್ಕೆ ತಂದದ್ದರಿಂದ ಅದಕ್ಕಿಂತ ದೊಡ್ಡ ಲಾಭವೂ ಆಯಿತು. ನಿದ್ದೆ ಸಾಲದ ಮಗುವಿನ ಗಾಢನಿದ್ದೆ ಇನ್ನಷ್ಟು ಭಾರವಾಗಿ, ನಡೆಯುವುದು ಹೆಚ್ಚುತ್ತದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆನ್ನುತ್ತಾರೆ; ಶಾಲೆಯ ವ್ಯಾನು ಬೇಗ ಬರುತ್ತದೆಂದು ಐದೂಮುಕ್ಕಾಲಿಗೇ ಎಬ್ಬಿಸುತ್ತಿದ್ದ ನಾವು ಅವನಿಗೆ ಕೊಟ್ಟದ್ದು ಏಳೂಕಾಲು ಗಂಟೆ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಕೂಡಲೇ ಅವನ ನಡಿಗೆ ಜಾಸ್ತಿಯಾಗುವುದನ್ನು ಕಂಡು ನಾನು ಟೀಚರ್ ಭಯವಿರಬೇಕೆಂದು ಎರಡು ವರ್ಷ ತಪ್ಪು ತಿಳಿದಿದ್ದೆ. ಭಯ, ಆತಂಕಗಳೂ ಕಾರಣವಾಗಬಲ್ಲವು, ಜ್ವರವೂ ಅಷ್ಟೇ. ಆದರೆ ಮೊದಲು ಗಡಿಯಾರ ನೋಡಿ.

ಎಬ್ಬಿಸಬಾರದು, ಎಬ್ಬಿಸಿದರೆ ಪ್ರಾಣಕ್ಕೇ ಅಪಾಯ ಎಂದು ಹಿರಿಯರು ಹೇಳುವುದರಲ್ಲಿ ಹುರುಳಿಲ್ಲ. ಆದರೂ ಅಲುಗಾಡಿಸಿ, ಗದರಿಸಿ ಎಬ್ಬಿಸಿದರೆ ಮಗು ಗಲಿಬಿಲಿಗೊಂಡು ನಿಮ್ಮನ್ನೇ ದೂಡಬಹುದು, ಓಡಬಹುದು. ಎದುರಿಗೆ ಹೋಗಿ ತಡೆಯದೆ ಪಕ್ಕದಲ್ಲಿ ನಿಂತು, ಹೆಗಲ ಮೇಲೆ ಹಗುರವಾಗಿ ಕೈಯಿಟ್ಟು, "ಬಾ ಪುಟ್ಟಿ, ಮಲಗೋಣ" ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾ ಹಾಸಿಗೆಯ ಕಡೆಗೆ ತಿರುಗಿಸಿದರೆ ಹೆಚ್ಚಿನ ಮಕ್ಕಳು ಬರುತ್ತಾರೆ. ದಾರಿಯಲ್ಲಿ ಒಮ್ಮೆ ಬಚ್ಚಲಿಗೆ ಕರೆದೊಯ್ಯಿರಿ. ಮೆಟ್ಟಿಲಿನ ತುದಿಯಲ್ಲಿದ್ದರೆ ನೀವು ಇಳಿಜಾರಿನ ಕಡೆಗೆ ನಿಲ್ಲಬೇಕು, ಮತ್ತು ಬೀಳುವಂತಿದ್ದರೆ ಮೆಲುದನಿ ಗಿಲುದನಿ ಬಿಟ್ಟು ಬಾಚಿ ಎತ್ತಿಕೊಳ್ಳಬೇಕು.

ಇನ್ನೊಂದು ಉಪಾಯವನ್ನು ವೈದ್ಯರು ಹೇಳಿಕೊಟ್ಟರು. ಮಗು ಯಾವ ಹೊತ್ತಿಗೆ ಎದ್ದಿತೆಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ವಾರ ಗುರುತು ಹಾಕಿ. ಹೊತ್ತು ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಅದಕ್ಕೆ ಹದಿನೈದರಿಂದ ಮೂವತ್ತು ನಿಮಿಷ ಮೊದಲೇ ಮಗುವನ್ನು ಮೆಲ್ಲನೆ ಎಬ್ಬಿಸಿ, ಕಣ್ಣು ಬಿಟ್ಟು ಒಂದು ಮಾತಾಡಿದ ಮೇಲೆ ಮತ್ತೆ ಮಲಗಿಸಬೇಕು. ಎರಡರಿಂದ ನಾಲ್ಕು ವಾರ ಒಂದು ರಾತ್ರಿಯೂ ತಪ್ಪಿಸದೆ ಹೀಗೆ ಮಾಡಿದರೆ ಹಲವು ಮಕ್ಕಳಲ್ಲಿ ನಡಿಗೆ ನಿಲ್ಲುತ್ತದೆ ಅಥವಾ ಕಡಿಮೆಯಾಗುತ್ತದೆ. ನಮ್ಮಲ್ಲಿ ಮೂರನೆಯ ವಾರದಿಂದ ಗುರುತುಗಳು ವಿರಳವಾದವು. ಬೇಗ ಮಲಗಿಸಿದ್ದೂ ಅದೇ ತಿಂಗಳಾದ್ದರಿಂದ, ಯಾವುದು ಫಲ ಕೊಟ್ಟಿತೆಂದು ಬಿಡಿಸಿ ಹೇಳಲಾರೆ.

ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ, ಹೋಗುವಾಗ ಮೊಬೈಲಿನಲ್ಲಿ ತೆಗೆದ ವಿಡಿಯೊ ಒಯ್ಯಿರಿ. ಮಗಳು ಜೋರಾಗಿ ಗೊರಕೆ ಹೊಡೆಯುತ್ತಿದ್ದರೆ ಟಾನ್ಸಿಲ್, ಅಡಿನಾಯ್ಡ್ ದಪ್ಪಗಾಗಿ ಉಸಿರು ಕಟ್ಟುತ್ತಿರಬಹುದು. ಅದು ಸರಿಹೋದರೆ ನಡಿಗೆಯೂ ನಿಲ್ಲಬಹುದು. ಒಂದೇ ರಾತ್ರಿ ಹಲವು ಬಾರಿ, ಪ್ರತಿ ಸಲವೂ ಪಡಿಯಚ್ಚಿನಂತೆ ಅದೇ ಚಲನೆ, ಕೈಕಾಲು ಸೆಡೆಯುವುದು, ಬೆಳಗಿನ ಜಾವದಲ್ಲೂ ಆಗುವುದು ಇಂಥವು ಕಂಡರೆ ತಡಮಾಡಬೇಡಿ, ಏಕೆಂದರೆ ಮಿದುಳಿನ ಮುಂಭಾಗದಿಂದ ಬರುವ ಒಂದು ಬಗೆಯ ಮೂರ್ಛೆರೋಗ ರಾತ್ರಿಯಲ್ಲಿ ಹೀಗೆಯೇ ಕಾಣಿಸಿಕೊಳ್ಳಬಹುದು. ಅದನ್ನು ಬೇರ್ಪಡಿಸಲು ಬೆಂಗಳೂರಿನ ನಿಮ್ಹಾನ್ಸ್‌ನಂಥ, ನರರೋಗ ವಿಭಾಗವಿರುವ ಆಸ್ಪತ್ರೆಯಲ್ಲಿ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಪರೀಕ್ಷೆ, ಮಾಡಿಸಬೇಕಾಗುತ್ತದೆ. ಚೆನ್ನಾಗಿ ನಿದ್ದೆ ಬರಲೆಂದು ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಕುಡಿಸುವುದು ಮಾತ್ರ ಖಂಡಿತ ಬೇಡ.

ಇದು ವಂಶದಲ್ಲಿ ಹರಿದು ಬರುವ ಸಂಗತಿ. ಕೆನಡಾದ ಕ್ವಿಬೆಕ್ ಪ್ರಾಂತದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂದೆತಾಯಿ ಇಬ್ಬರೂ ಬಾಲ್ಯದಲ್ಲಿ ನಡೆದವರಾಗಿದ್ದರೆ ಮಕ್ಕಳಲ್ಲಿ ಶೇ. 61ರಷ್ಟು, ಒಬ್ಬರಾದರೆ ಶೇ. 47ರಷ್ಟು, ಯಾರೂ ಇಲ್ಲದಿದ್ದರೆ ಶೇ. 22ರಷ್ಟು ಮಂದಿ ನಡೆಯುತ್ತಿದ್ದರು. ನಮ್ಮ ಯಜಮಾನರು ತಾವು ಎಂದೂ ಹಾಗೆ ನಡೆದವರಲ್ಲವೆಂದು ವಾದಿಸುತ್ತಿದ್ದರು. ಗಂಟೆ ತಂದ ದಿನ ಅತ್ತೆಯವರು, ಈ ಮಹಾಶಯ ಮೂರನೆಯ ಕ್ಲಾಸಿನಲ್ಲಿದ್ದಾಗ ನಡುರಾತ್ರಿ ಕೊಟ್ಟಿಗೆಗೆ ಹೋಗಿ ಹುಲ್ಲಿನ ಮೇಲೆ ಮಲಗಿದ್ದನ್ನು ಹೇಳಿದರು. ನಿಮ್ಮ ಎರಡೂ ಮನೆಗಳ ಹಿರಿಯರನ್ನು ಕೇಳಿ ನೋಡಿ. ಬಹುತೇಕ ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ಇದು ತಾನಾಗಿ ನಿಲ್ಲುತ್ತದೆ.

ಊರಿಗೆ ಹೋದಾಗ, ಮದುವೆಯ ಛತ್ರದಲ್ಲಿ ಮಲಗುವಾಗ ಹೆಚ್ಚಿನ ಎಚ್ಚರ ಬೇಕು. ಅಲ್ಲಿ ಜಾಗವೂ ಹೊಸದು, ಮಕ್ಕಳು ಮಲಗುವುದೂ ತಡ. ರೈಲಿನಲ್ಲಾದರೆ ಕೆಳಗಿನ ಬರ್ತಿನಲ್ಲಿ ಒಳಬದಿಗೆ ಮಲಗಿಸಿ, ಅವಳ ಮತ್ತು ಬೋಗಿಯ ಬಾಗಿಲಿನ ನಡುವೆ ನಿಮ್ಮಲ್ಲೊಬ್ಬರು ಇರಬೇಕು. ಬೇರೆಯವರ ಮನೆಯಲ್ಲಿ ಮಲಗುವುದಾದರೆ ಆ ಮನೆಯವರಿಗೆ ಮೊದಲೇ ತಿಳಿಸಿ, ಆದರೆ ಮಗಳ ಮುಂದೆ ನಗೆಯ ವಿಷಯವಾಗಿ ಅಲ್ಲ. ದಸರಾ ರಜೆಯಲ್ಲಿ ನನ್ನ ಮಗನನ್ನು ಅವನ ದೊಡ್ಡಪ್ಪನ ಮಕ್ಕಳು ಎರಡೂ ಕೈ ಮುಂದೆ ಚಾಚಿ ನಡೆದು ತೋರಿಸಿ ಅಣಕಿಸಿದ್ದರಿಂದ, ಅವನು ಮಲಗುವುದಕ್ಕೇ ಅಂಜಿ ಮೂರು ರಾತ್ರಿ ಕಣ್ಣು ಬಿಟ್ಟುಕೊಂಡಿದ್ದ. ಅಪ್ಪನ ಕೊಟ್ಟಿಗೆಯ ಕಥೆಯನ್ನು ಅವನಿಗೆ ಹೇಳಿದ್ದು ಆಗಲೇ. ಮನೆಗೆ ಮರಳಿದ ರಾತ್ರಿ ಗಂಟೆಯ ದಾರ ಸಡಿಲವಾಗಿದೆಯೆಂದು ತಾನೇ ಬಿಗಿದು ಕಟ್ಟಿ, ಬಾಗಿಲನ್ನು ಎರಡು ಸಲ ಆಡಿಸಿ ಸದ್ದು ಪರೀಕ್ಷಿಸಿ ಮಲಗಿದ.