ಸಹಿ ಕೇಳಿದ್ದಕ್ಕೆ ಗಾಬರಿ ಏಕೆ?

ಪತ್ರ: “ನಮ್ಮ ತಾಯಿಗೆ ಪಿತ್ತಕೋಶದಲ್ಲಿ ಕಲ್ಲಿದೆ. ಪಿತ್ತಕೋಶವನ್ನೇ ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ, ತೆಗೆಯುತ್ತೇವೆ ಎಂದ ಡಾಕ್ಟರು, ಅಗತ್ಯ ಬಿದ್ದರೆ ಹೊಟ್ಟೆ ಕೊಯ್ಯುವುದಕ್ಕೂ ಈಗಲೇ ಸಹಿ ಹಾಕಿ ಎನ್ನುತ್ತಿದ್ದಾರೆ. ಅವರಿಗೇ ನಂಬಿಕೆ ಇಲ್ಲವೆ? ಅಷ್ಟು ಚಿಕ್ಕ ತೂತಿನಲ್ಲಿ ಕಾಣುವುದಾದರೂ ಏನು?”

ಸಂಪಾದಕರ ಉತ್ತರ:

ಮೊದಲು ತೂತಿನ ಮಾತು. ಹೊಕ್ಕುಳ ಬಳಿ ಸುಮಾರು 1 ಸೆಂಟಿಮೀಟರ್ ಗಾಯ ಮಾಡಿ, ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಉಪಕರಣ ಆಡಿಸಲು ಜಾಗ ಆಗುವುದೇ ಹಾಗೆ. ಈ ಅನಿಲ ಹೊತ್ತಿಕೊಳ್ಳುವುದಿಲ್ಲ, ರಕ್ತದಲ್ಲಿ ಕರಗಿ ಉಸಿರಿನ ಜೊತೆ ಹೊರಗೆ ಹೋಗಿಬಿಡುತ್ತದೆ. ಒಳಗಿಳಿದ ಕ್ಯಾಮೆರಾ ಪಿತ್ತಕೋಶವನ್ನು ಹಲವು ಪಟ್ಟು ದೊಡ್ಡದಾಗಿ ಪರದೆಗೆ ತರುತ್ತದೆ. ಕಾಣುವುದಕ್ಕೆ ಕೊರತೆಯಿಲ್ಲ, ಕಳೆದುಕೊಳ್ಳುವುದು ಬೆರಳಿನ ಸ್ಪರ್ಶವನ್ನು. ಬಿಡಿಸಿದ ಪಿತ್ತಕೋಶವನ್ನು ಪುಟ್ಟ ಚೀಲಕ್ಕೆ ಹಾಕಿ, ಸಾಮಾನ್ಯವಾಗಿ ಹೊಕ್ಕುಳ ಬಳಿಯ ಗಾಯದಿಂದಲೇ ಎಳೆದು ತೆಗೆಯುತ್ತಾರೆ.

ಗಾಯದ ಗುರುತು ಕಾಣುವುದಿಲ್ಲ ಎಂಬುದನ್ನೇ ಜಾಹೀರಾತುಗಳು ಹಾಡಿ ಹೊಗಳುತ್ತವೆ. ನನ್ನ ಮಟ್ಟಿಗೆ ಅದು ಕೊನೆಯ ಲಾಭ. ಹಳೆಯ ವಿಧಾನದಲ್ಲಿ ಬಲಪಕ್ಕೆಯ ಕೆಳಗೆ ಸ್ನಾಯುಗಳನ್ನೇ ಕತ್ತರಿಸಬೇಕು. ಆಮೇಲೆ ಕೆಮ್ಮಿದರೂ ನೋವು, ಉಸಿರೆಳೆದರೂ ನೋವು. ರೋಗಿ ಹೆದರಿ ಮೇಲೆ ಮೇಲೆಯೇ ಉಸಿರಾಡುತ್ತಾರೆ, ಕಫ ಕಟ್ಟುತ್ತದೆ, ವಯಸ್ಸಾದವರಿಗೆ ನ್ಯುಮೋನಿಯಾ ಹತ್ತುವುದೂ ಉಂಟು. ಸ್ನಾಯು ಉಳಿದರೆ ಅದೇ ಸಂಜೆ ಎದ್ದು ನಾಲ್ಕು ಹೆಜ್ಜೆ ಹಾಕಬಹುದು. ಗಾಯ ಕೀವು ಕಟ್ಟುವುದೂ ಮುಂದೆ ಅದೇ ಜಾಗದಲ್ಲಿ ಹರ್ನಿಯಾ ಬರುವುದೂ ಕಡಿಮೆ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಮೊದಲ ಬಾರಿಗೆ ಪಿತ್ತಕೋಶವನ್ನು ಹೀಗೆ ತೆಗೆದಾಗ ಅಲ್ಲಿನ ಸರ್ಜನ್ನರೇ ಮೂಗು ಮುರಿದಿದ್ದರು!

ಇನ್ನು ಸಹಿ. ಪದೇ ಪದೇ ಉರಿಯೂತವಾದ ಪಿತ್ತಕೋಶ ಅಕ್ಕಪಕ್ಕಕ್ಕೆಲ್ಲ ಅಂಟಿಕೊಂಡಿರುತ್ತದೆ. ಆಗ ಕತ್ತರಿಸಬೇಕಾದ ಸಣ್ಣ ನಾಳ ಯಾವುದು, ಮುಟ್ಟಲೇಬಾರದ ಮುಖ್ಯ ಪಿತ್ತನಾಳ ಯಾವುದು ಎಂದು ಗೊತ್ತಾಗದೆ ಹೋಗಬಹುದು. ಮುಖ್ಯ ನಾಳಕ್ಕೆ ಕತ್ತರಿ ಬಿದ್ದರೆ ಅದನ್ನು ಸರಿಪಡಿಸುವುದು ಮೊದಲಿನ ಆಪರೇಷನ್ನಿಗಿಂತ ಎಷ್ಟೋ ದೊಡ್ಡ ಕೆಲಸ. ಅಂಥ ಹೊತ್ತಿನಲ್ಲಿ ಹಟ ಬಿಟ್ಟು ಹೊಟ್ಟೆ ತೆರೆಯುವವರೇ ಒಳ್ಳೆಯ ಸರ್ಜನ್. ಅರಿವಳಿಕೆಯಲ್ಲಿರುವ ತಾಯಿಯನ್ನು ಆಗ ಕೇಳಲು ಬರುವುದಿಲ್ಲವಲ್ಲ, ಅದಕ್ಕೇ ಈಗ ಕೇಳುತ್ತಿದ್ದಾರೆ. “ಎಷ್ಟು ಮಂದಿಗೆ ಹೀಗೆ ತೆರೆಯಬೇಕಾಯಿತು?” ಎಂದು ನೀವೂ ಕೇಳಿ. “ಒಬ್ಬರಿಗೂ ಇಲ್ಲ” ಎಂಬ ಉತ್ತರ ಬಂದರೆ ನಾನಾದರೆ ಇನ್ನೊಬ್ಬ ಡಾಕ್ಟರನ್ನೂ ಕಂಡು ಬರುತ್ತೇನೆ.

ಆಪರೇಷನ್ ಆದಮೇಲೆ ತಾಯಿ ಭುಜ ನೋವು ಎಂದರೆ ಗಾಬರಿ ಬೇಡ. ಅನಿಲದಿಂದ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ) ಕೆರಳಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಆದರೆ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಹೊಟ್ಟೆನೋವು ಏರುತ್ತಲೇ ಹೋದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.