ಎರಡನೇ ಸಲ ನಾಯಿ ಕಚ್ಚಿದಾಗ ಎರಡೇ ಇಂಜೆಕ್ಷನ್ ಸಾಕೇ?

ನಾಲ್ಕು ವರ್ಷಗಳ ಹಿಂದೆ ನಾಯಿ ಕಚ್ಚಿದಾಗ ನಿಮ್ಮ ಮಗನಿಗೆ ಗಾಯದ ಸುತ್ತ ಸೀರಮ್ ಕೊಡಿಸಿ, ಐದು ರೇಬೀಸ್ ಇಂಜೆಕ್ಷನ್ನುಗಳನ್ನೂ ಪೂರ್ತಿ ಮಾಡಿಸಿದ್ದಿರಿ. ಮೊನ್ನೆ ಮತ್ತೆ ಕಚ್ಚಿದಾಗ ವೈದ್ಯರು ಸೀರಮ್ ಬೇಡವೆಂದು, ಅಂದು ಒಂದು, ಅದಾಗಿ ಮೂರು ದಿನಕ್ಕೆ ಇನ್ನೊಂದು ಇಂಜೆಕ್ಷನ್ ಮಾತ್ರ ಬರೆದಿದ್ದಾರೆ. ಇದು ಅಸಡ್ಡೆಯೋ, ಔಷಧಿಯ ಕೊರತೆಯೋ ಎಂದು ಅಂಕೋಲಾದಿಂದ ಕೇಳಿದ್ದೀರಿ. ಮಗನ ಕಂಕುಳಲ್ಲಿ ಚಿಕ್ಕ ಗಂಟು ಬಂದಿದೆಯೆಂದೂ ಬರೆದಿದ್ದೀರಿ.

ಅಸಡ್ಡೆಯೂ ಅಲ್ಲ, ಕೊರತೆಯೂ ಅಲ್ಲ. ಹಿಂದಿನ ಕೋರ್ಸ್ ಪೂರ್ತಿಯಾಗಿದ್ದು ಅದರ ಚೀಟಿ ಕೈಯಲ್ಲಿದ್ದರೆ ಈಗ ನಡೆಯುವ ಕ್ರಮವೇ ಅದು. ನಾನು ವೈದ್ಯನಲ್ಲ, ಕಾರವಾರದ ಕಾಲೇಜೊಂದರಲ್ಲಿ ಬಹುಕಾಲ ಪ್ರಾಣಿಶಾಸ್ತ್ರ ಕಲಿಸಿದವನು. ಆದರೆ ಎರಡು ಸಲ ನಾಯಿಯಿಂದ ಕಚ್ಚಿಸಿಕೊಂಡವನಾದ್ದರಿಂದ, ತರಗತಿಯಲ್ಲಿ ಹೇಳಿದ್ದನ್ನು ನನ್ನ ಮೈಮೇಲೂ ಕಂಡಿದ್ದೇನೆ.

ಮೊದಲ ಸಲ ಕೋಡಿಬಾಗದ ರಸ್ತೆಯಲ್ಲಿ ಬೆಳಗಿನ ನಡಿಗೆಗೆ ಹೋದಾಗ ಎಡಗಾಲಿನ ಮೀನಖಂಡಕ್ಕೆ ಹಲ್ಲು ಊರಿತ್ತು. ಸಾಬೂನು ಹಚ್ಚಿ 15 ನಿಮಿಷ ನಲ್ಲಿಯ ಕೆಳಗೆ ಕಾಲಿಟ್ಟು ತೊಳೆದು ಆಸ್ಪತ್ರೆಗೆ ಹೋದೆ. ಅಲ್ಲಿ ಸೀರಮ್ಮನ್ನು ಗಾಯದ ಒಳಕ್ಕೂ ಅಂಚಿಗೂ ಚುಚ್ಚಿ ತುಂಬಿಸುವಾಗ ಆದ ಉರಿಯ ಮುಂದೆ ನಾಯಿಯ ಕಡಿತ ಏನೂ ಅಲ್ಲವೆನಿಸಿತು. ವ್ಯಾಕ್ಸಿನ್ ಮಾತ್ರ ತೋಳಿಗೆ. ಎರಡನ್ನೂ ಕೊಡುವುದೇಕೆಂದರೆ, ಸೀರಮ್ಮಿನಲ್ಲಿರುವುದು ಬೇರೊಬ್ಬ ಮನುಷ್ಯನ ಅಥವಾ ಕುದುರೆಯ ದೇಹ ತಯಾರಿಸಿದ ಪ್ರತಿಕಾಯ, ಅಂದರೆ ಆಂಟಿಬಾಡಿ. ಅದು ಬಿದ್ದ ಕ್ಷಣದಿಂದಲೇ ಗಾಯದಲ್ಲಿರುವ ವೈರಸ್ಸನ್ನು ಹಿಡಿಯುತ್ತದೆ. ವ್ಯಾಕ್ಸಿನ್ನಿನಲ್ಲಿರುವುದು ಸತ್ತ ವೈರಸ್. ಅದು ಪ್ರತಿಜನಕ, ಅದನ್ನು ಕಂಡು ನಮ್ಮ ದೇಹ ತಾನೇ ಪ್ರತಿಕಾಯ ತಯಾರಿಸಬೇಕು, ಅದಕ್ಕೆ ಒಂದರಿಂದ ಎರಡು ವಾರ ಬೇಕು.

ಅಷ್ಟು ದಿನ ಏಕೆ ಬೇಕೆಂಬುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ತೋಳಿನ ಸ್ನಾಯುವಿಗೆ ಬಿದ್ದ ಪ್ರತಿಜನಕವನ್ನು ಅಲ್ಲಿ ಕಾವಲಿರುವ ಡೆಂಡ್ರಿಟಿಕ್ ಕೋಶಗಳು ನುಂಗಿ, ಚೂರು ಮಾಡಿ, ಕಂಕುಳಿನ ದುಗ್ಧಗ್ರಂಥಿಗೆ, ಅಂದರೆ ಲಿಂಫ್ ನೋಡಿಗೆ, ಹೊತ್ತೊಯ್ದು ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ನಮ್ಮ ದೇಹದಲ್ಲಿ ಅಸಂಖ್ಯ ಬಗೆಯ ಬಿ ಮತ್ತು ಟಿ ಕೋಶಗಳಿದ್ದು, ಒಂದೊಂದು ಬಗೆ ಒಂದೊಂದು ಆಕಾರವನ್ನು ಮಾತ್ರ ಗುರುತಿಸುವುದರಿಂದ, ರೇಬೀಸ್ ವೈರಸ್ಸಿಗೆ ಹೊಂದುವ ಕೋಶಗಳು ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ ಎನ್ನುವಷ್ಟು ವಿರಳ. ಅವು ಸಿಗಬೇಕು, ಎಚ್ಚರಗೊಳ್ಳಬೇಕು, ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಬೇಕು, ಆಮೇಲೆ ಬಿ ಕೋಶಗಳು ಪ್ರತಿಕಾಯ ಸುರಿಸಬೇಕು. ಮೊದಲು ಬರುವುದು ಐಜಿಎಂ ಎಂಬ ಅವಸರದ ಸರಕು. ಹೆಚ್ಚು ಬಿಗಿಯಾಗಿ ಹಿಡಿಯುವ ಐಜಿಜಿ ಬರುವುದು ಆಮೇಲೆ. ಈ ನಡುವಿನ ದಿನಗಳನ್ನು ದಾಟಿಸುವುದಷ್ಟೇ ಸೀರಮ್ಮಿನ ಕೆಲಸ. ಮೊದಲ ಇಂಜೆಕ್ಷನ್ ಆಗಿ 7 ದಿನ ಕಳೆದ ಮೇಲೆ ಸೀರಮ್ ಕೊಡದಿರುವುದೂ ಇದೇ ಕಾರಣಕ್ಕೆ: ಅಷ್ಟರಲ್ಲಿ ಸ್ವಂತ ಪ್ರತಿಕಾಯ ಬರತೊಡಗಿರುತ್ತದೆ.

ಕೋರ್ಸ್ ಮುಗಿದ ಮೇಲೆ ಹೆಚ್ಚಿದ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ. ಉಳಿದವುಗಳಲ್ಲಿ ಕೆಲವು ಅಸ್ಥಿಮಜ್ಜೆಯಲ್ಲಿ ಕುಳಿತು ವರ್ಷಗಟ್ಟಲೆ ಪ್ರತಿಕಾಯವನ್ನು ಜಿನುಗಿಸುತ್ತಿರುತ್ತವೆ. ಇನ್ನು ಕೆಲವು ಸ್ಮೃತಿಕೋಶಗಳಾಗಿ ಸುಮ್ಮನಿರುತ್ತವೆ. ನಮ್ಮ ಕಡೆಯವರಿಗೆ ಬಯಲಾಟದ ಚೌಕಿಯನ್ನು, ಅಂದರೆ ವೇಷ ಕಟ್ಟುವ ಕೋಣೆಯನ್ನು, ನೆನಪಿಸಿದರೆ ಸಾಕು: ಮೊದಲ ಸಲ ಕಲಾವಿದರನ್ನು ಊರೂರಿನಿಂದ ಹುಡುಕಿ ತಂದು ಬಣ್ಣ ಬರೆಸಿ ಕಿರೀಟ ಕಟ್ಟಿಸಬೇಕು, ಎರಡನೇ ಸಲ ವೇಷ ಕಟ್ಟಿಯೇ ಕುಳಿತಿರುತ್ತಾರೆ, ಚೆಂಡೆಯ ಪೆಟ್ಟು ಬಿದ್ದರೆ ರಂಗಕ್ಕೆ ಬರುತ್ತಾರೆ. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಸ್ಮೃತಿಕೋಶಗಳು ಸಂಖ್ಯೆಯಲ್ಲೂ ಮೊದಲಿಗಿಂತ ಬಹಳ ಹೆಚ್ಚಿರುತ್ತವೆ, ಹಿಡಿತದಲ್ಲೂ ಪಳಗಿರುತ್ತವೆ. ಆದ್ದರಿಂದಲೇ ಎರಡನೇ ಸಲ ಕೆಲವೇ ದಿನಗಳಲ್ಲಿ ಪ್ರತಿಕಾಯದ ಮಟ್ಟ ಮೊದಲ ಸಲಕ್ಕಿಂತ ಮೇಲೇರುತ್ತದೆ, ಬರುವುದೂ ಹೆಚ್ಚಾಗಿ ಐಜಿಜಿಯೇ. ದಾಟಿಸಬೇಕಾದ ಅಂತರವೇ ಇಲ್ಲದಿರುವಾಗ ಸೀರಮ್ ಏಕೆ?

ಈ ನೆನಪು ಎಷ್ಟು ಕಾಲ ಉಳಿಯಬಲ್ಲದೆಂಬುದಕ್ಕೆ ನಾನು ತರಗತಿಯಲ್ಲಿ ಯಾವಾಗಲೂ ಹೇಳುತ್ತಿದ್ದುದು ಫಾರೋ ದ್ವೀಪಗಳ ಕಥೆ. 1781ರಲ್ಲಿ ಅಲ್ಲಿ ದಡಾರ ಬಂದು ಹೋಗಿತ್ತು. ಮತ್ತೆ ಬಂದದ್ದು 1846ರಲ್ಲಿ. ಆಗ ಅಲ್ಲಿಗೆ ಹೋದ ಡೆನ್ಮಾರ್ಕಿನ ವೈದ್ಯ ಪೀಟರ್ ಪಾನುಮ್ ಗಮನಿಸಿದಂತೆ, 65 ವರ್ಷಗಳ ಹಿಂದೆ ದಡಾರ ಬಂದಿದ್ದ ಮುದುಕರಲ್ಲಿ ಒಬ್ಬರಿಗೂ ಅದು ಎರಡನೇ ಸಲ ಬರಲಿಲ್ಲ. ಎಲ್ಲ ನೆನಪೂ ಇಷ್ಟು ಗಟ್ಟಿಯಲ್ಲ. ನಮ್ಮ ಸಿದ್ದಾಪುರದ ಕಡೆ ಮಂಗನ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ ಹಾಕಿಸಿಕೊಂಡರೂ, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಬೂಸ್ಟರ್ ಬೇಕಿತ್ತು. ಜನ ಬೇಸತ್ತು ಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ನನಗೆ ಎರಡನೇ ಸಲ ಕಚ್ಚಿದ್ದು ಬೈತಖೋಲದ ಬಂದರಿನಲ್ಲಿ, ಮೀನಿನ ಬುಟ್ಟಿಗಳ ನಡುವೆ. ಸಿಸ್ಟರ್ ಮೊದಲು ಕೇಳಿದ್ದು, “ಮಾಸ್ತರ್ರೇ, ಹಳೇ ಚೀಟಿ ಇದೆಯಾ?” ಎಂದು. ಇತ್ತು. ಇಲ್ಲದಿದ್ದರೆ, ಅಥವಾ ಹಿಂದಿನ ಕೋರ್ಸನ್ನು ನಡುವೆ ಬಿಟ್ಟಿದ್ದರೆ, ಹೊಸದಾಗಿ ಕಚ್ಚಿದವರಂತೆಯೇ ಪೂರ್ತಿ ಚಿಕಿತ್ಸೆ ಬೇಕಾಗುತ್ತದೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ತೆಗೆದುಕೊಂಡ ಹಿರಿಯರಿಗೂ ಇದೇ ಮಾತು. ಆ ಹಳೆಯ ಲಸಿಕೆಯನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಯ ತೊಳೆಯುವುದರಲ್ಲಿ ಮಾತ್ರ ಯಾರಿಗೂ ರಿಯಾಯಿತಿ ಇಲ್ಲ.

ಇನ್ನು ಗಂಟು. ಇಂಜೆಕ್ಷನ್ ಕೊಟ್ಟ ತೋಳಿನ ಕಡೆಯ ಕಂಕುಳಲ್ಲೇ ಇದ್ದರೆ, ಅದು ಬಹುಶಃ ಕೋಶಗಳು ಹೆಚ್ಚುತ್ತಿರುವ ಆ ದುಗ್ಧಗ್ರಂಥಿಯೇ; ನನಗೂ ಕಡಲೆಕಾಳಿನಷ್ಟು ಬಂದು ಹತ್ತು ದಿನದಲ್ಲಿ ಇಳಿದಿತ್ತು. ನಾಳೆ ಎರಡನೇ ಇಂಜೆಕ್ಷನ್ನಿಗೆ ಹೋದಾಗ ವೈದ್ಯರಿಗೆ ಅದನ್ನು ತೋರಿಸಿ, ಎರಡು ಮೂರು ವಾರವಾದರೂ ಇಳಿಯದಿದ್ದರೆ ಮತ್ತೊಮ್ಮೆ ತೋರಿಸಿ.