ಲೆಕ್ಕದ ಪುಸ್ತಕಕ್ಕೆ ಬಾರದ ಎರಡು ಬಾಬ್ತು

ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿ, ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಐದು ಜನರ ಸಂಸಾರ ಇದು: ಗಂಡ, ಹೆಂಡತಿ, ಗಂಡನ ತಾಯಿ, ಪಿಯುಸಿ ಓದುತ್ತಿರುವ ಮಗಳು, ಮಾಧ್ಯಮಿಕ ಶಾಲೆಯಲ್ಲಿರುವ ಮಗ. ಗಂಡ ಮೇಲ್ವಿಚಾರಕರಾಗಿದ್ದ ಖಾಸಗಿ ಘಟಕ ಮುಚ್ಚಿ ಒಂದೂವರೆ ವರ್ಷವಾಗಿತ್ತು. ತಿಂಗಳಿಗೆ 34,000 ರೂಪಾಯಿ ಬರುತ್ತಿದ್ದ ಮನೆಗೆ ಮೂರು ತಿಂಗಳು ಏನೂ ಬಾರದೆ, ಆಮೇಲೆ ಒಂದು ಗೋದಾಮಿನ ಕೆಲಸದಿಂದ 19,500 ರೂಪಾಯಿ ಬರತೊಡಗಿತ್ತು.

2024ರ ಶಿವರಾತ್ರಿ ಕಳೆದ ಮರುವಾರ ಹೆಂಡತಿ ನನ್ನ ಬಳಿಗೆ ಬಂದದ್ದು ದುಡ್ಡಿನ ವಿಷಯ ಮಾತಾಡಲು ಅಲ್ಲ. ಮಗನಿಗೆ ಆಕೆ ಹೊಡೆದಿದ್ದರು, ಬಾಸುಂಡೆ ಬರುವಷ್ಟು. ಶಾಲೆಯಲ್ಲಿ ಅದನ್ನು ಕಂಡ ಶಿಕ್ಷಕಿ ಆಕೆಯನ್ನು ಕರೆಸಿ, ಬೈಯದೆ, ಯಾರೊಂದಿಗಾದರೂ ಕೂತು ಮಾತಾಡಿ ಎಂದು ಕಳಿಸಿದ್ದರು. ಹೊಡೆದದ್ದು ಯಾಕೆಂದು ಕೇಳಿದಾಗ ಆಕೆ ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತ ಕೂತಿದ್ದು, ಕೊನೆಗೆ, "ದೋಸೆಗೆ ಎಣ್ಣೆ ಜಾಸ್ತಿ ಹಾಕ್ಕೊಂಡ ಮೇಡಂ" ಎಂದರು. ಎಣ್ಣೆಯ ಕ್ಯಾನಿನ ಮೇಲೆ ಆಕೆ ಹಣೆಗಿಡುವ ಸ್ಟಿಕ್ಕರ್ ಬಿಂದಿಗಳನ್ನು ಮೇಲಿನಿಂದ ಕೆಳಕ್ಕೆ ಮೂರು ಕಡೆ ಅಂಟಿಸಿದ್ದರು. ಹತ್ತನೆಯ ತಾರೀಕಿಗೆ ಎಣ್ಣೆ ಮೊದಲ ಬಿಂದಿಗೆ ಇಳಿಯಬೇಕು, ಇಪ್ಪತ್ತಕ್ಕೆ ಎರಡನೆಯದಕ್ಕೆ. ಹುಡುಗ ತಾನೇ ದೋಸೆ ಹುಯ್ದುಕೊಂಡ ದಿನ ಐದನೆಯ ತಾರೀಕಾಗಿತ್ತು, ಎಣ್ಣೆ ಮೊದಲ ಬಿಂದಿಯನ್ನು ದಾಟಿತ್ತು.

ಎರಡನೆಯ ಭೇಟಿಗೆ ಮನೆಯ ಲೆಕ್ಕದ ಪುಸ್ತಕ ತರಲು ಹೇಳಿದೆ. ಉದ್ದನೆಯ ನೋಟ್‌ಬುಕ್ಕು, ಎಡಕ್ಕೆ ಜಮೆ, ಬಲಕ್ಕೆ ಖರ್ಚು, ಪೆನ್ಸಿಲ್ಲಿನಲ್ಲಿ ಸಣ್ಣ ದುಂಡಕ್ಷರ. ಇಷ್ಟು ಪ್ರಾಮಾಣಿಕವಾದ ಲೆಕ್ಕವನ್ನು ನಾನು ಕಂಡದ್ದು ಕಡಿಮೆ, ಎರಡು ರೂಪಾಯಿಯ ಕರಿಬೇವೂ ಅದರಲ್ಲಿತ್ತು. ಪುಟ ತಿರುವುತ್ತ ಹೋದಂತೆ ಹಾಲಿನ ಸಾಲು ಕಣ್ಣಿಗೆ ಬಿತ್ತು. ದಿನಕ್ಕೆ ಅರ್ಧ ಲೀಟರಿನ ಮೂರು ಪ್ಯಾಕೆಟ್ಟುಗಳಿದ್ದದ್ದು ಒಂದು ತಿಂಗಳಿನಿಂದಾಚೆಗೆ ಎರಡಾಗಿತ್ತು. ಪ್ಯಾಕೆಟ್ಟಿಗೆ ಸುಮಾರು 22 ರೂಪಾಯಿಯಂತೆ ತಿಂಗಳಿಗೆ 660 ರೂಪಾಯಿ ಉಳಿತಾಯ. ಯಾರ ಹಾಲು ಕಡಿಮೆಯಾಯಿತು ಎಂದು ಕೇಳಿದೆ. ಅತ್ತೆಗೆ ಮಧ್ಯಾಹ್ನದ ಮಜ್ಜಿಗೆ ಬೇಕೇ ಬೇಕು, ಮಕ್ಕಳಿಗೆ ಲೋಟ ಹಾಲು ತಪ್ಪಿಸುವಂತಿಲ್ಲ, ಗಂಡ ಬೆಳಗ್ಗೆ ಕಾಫಿ ಕುಡಿದೇ ಹೊರಡಬೇಕು. ಉಳಿದವರು ಆಕೆಯೊಬ್ಬರೇ. ಹಾಲು ಮೊದಲು ಹೋಗಿತ್ತು, ಆಮೇಲೆ ಮೊಸರು, ಆಮೇಲೆ ಬೆಳಗಿನ ತಿಂಡಿ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಣ್ಣುವವರಾದ್ದರಿಂದ ಪಾತ್ರೆಯ ತಳದಲ್ಲಿ ಏನು ಉಳಿದಿದೆಯೆಂದು ಮನೆಯಲ್ಲಿ ಬೇರೆ ಯಾರೂ ನೋಡಿರಲಿಲ್ಲ.

ಇದನ್ನು ಆಕೆ ತ್ಯಾಗವೆಂದು ಹೇಳಲಿಲ್ಲ, ಹಾಗೆಂದು ಆಕೆಗೆ ಅನಿಸಿಯೂ ಇರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನೆಂಟರೆಲ್ಲ ಹೇಳಿದ್ದರು, ಅದರಂತೆ ನಡೆದಿದ್ದರು. ಐದು ಜನ ಮಲಗುವ ಹಾಸಿಗೆಯಲ್ಲಿ ಯಾರ ಕಾಲು ಎಷ್ಟು ಮಡಚಬೇಕೆಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಮಿತವ್ಯಯದ ಬಗ್ಗೆ ನಮ್ಮಲ್ಲಿ ಬರುವ ಸಲಹೆಗಳೆಲ್ಲ ಅಡುಗೆಮನೆಯ ಬಾಗಿಲಿಗೇ ಬಂದು ನಿಲ್ಲುತ್ತವೆ, ಒಳಗಿರುವ ಹೆಂಗಸು ಕೊನೆಗೆ ಎಲ್ಲಿಂದ ಕಡಿತ ಮಾಡುತ್ತಾಳೆಂದು ಕೇಳುವುದಿಲ್ಲ ಎಂಬ ನೋವು ಈ ಕೆಲಸ ಮಾಡುತ್ತ ನನಗೆ ಹೆಚ್ಚುತ್ತಲೇ ಬಂದಿದೆ.

ಇನ್ನೊಂದು ಸಂಗತಿಯೂ ಆಗ ತಿಳಿಯಿತು. ರಾತ್ರಿ ಎಂಟರ ಮೇಲೆ ಮನೆಯಲ್ಲಿ ಒಂದೇ ದೀಪ ಉರಿಯಬೇಕು, ಸೆಖೆಯಾದರೂ ಫ್ಯಾನು ಹಾಕಬಾರದು ಎಂದು ಆಕೆ ಕಟ್ಟು ಮಾಡಿದ್ದರು. ಆ ಮನೆಗೆ ಗೃಹಜ್ಯೋತಿ ಯೋಜನೆ ಅನ್ವಯವಾಗಿತ್ತು. ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ಉಚಿತ ಯೂನಿಟ್ಟುಗಳನ್ನು ನಿಗದಿ ಮಾಡುವುದರಿಂದ, 62 ಯೂನಿಟ್ ಸರಾಸರಿಯಿದ್ದ ಅವರಿಗೆ ಸುಮಾರು 68 ಯೂನಿಟ್‌ವರೆಗೆ ಬಿಲ್ಲು ಇರಲಿಲ್ಲ. ಆಕೆ ಬಳಕೆಯನ್ನು 41ಕ್ಕೆ ಇಳಿಸಿದ್ದರು. ಬಿಲ್ಲು ಆಗಲೂ ಶೂನ್ಯ, ಈಗಲೂ ಶೂನ್ಯ. ಒಂದು ರೂಪಾಯಿಯೂ ಉಳಿಯದ ಕತ್ತಲೆಯಲ್ಲಿ ಮಕ್ಕಳು ಓದುತ್ತಿದ್ದರು. ಉಳಿತಾಯವು ಲೆಕ್ಕವನ್ನು ಬಿಟ್ಟು ಭಯದ ಕೈಗೆ ಹೋಗಿದೆ ಎಂಬುದಕ್ಕೆ ನನಗೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಿರಲಿಲ್ಲ. ನಿದ್ದೆ ಹೇಗಿದೆಯೆಂದು ಕೇಳಿದಾಗ, "ಕಣ್ಣು ಮುಚ್ಚಿದ್ರೆ ಲೆಕ್ಕಾನೇ ಬರುತ್ತೆ" ಎಂದರು. ಬದುಕು ಸಾಕೆನಿಸಿದೆಯೇ ಎಂದೂ ನೇರವಾಗಿ ಕೇಳಿದೆ, ಇಂಥ ಸ್ಥಿತಿಯಲ್ಲಿ ಇದನ್ನು ಕೇಳದೆ ಬಿಡಬಾರದು. ಹಾಗೇನೂ ಇಲ್ಲವೆಂದರು. ಆದರೂ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಪುಸ್ತಕದ ರಟ್ಟಿನ ಒಳಬದಿಗೆ ಬರೆಸಿದೆ. ಅದು ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಮೊದಲ ಸಲಹೆ ದುಡ್ಡಿಗೆ ಸಂಬಂಧಿಸಿದ್ದಲ್ಲ. ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬರಬೇಕೆಂದೆ. ಹಿಮೋಗ್ಲೋಬಿನ್ 8.4 ಗ್ರಾಂ ಇತ್ತು, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ತಲೆಸುತ್ತು, ಸುಸ್ತು, ಸಣ್ಣದಕ್ಕೂ ಸಿಟ್ಟು ಬರುವುದು, ಇವನ್ನೆಲ್ಲ ಆಕೆ ತನ್ನ ಸ್ವಭಾವ ಕೆಟ್ಟಿತೆಂದು ತಿಳಿದಿದ್ದರು. ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಅದನ್ನು ಕಾಫಿ, ಟೀ, ಹಾಲಿನ ಜೊತೆ ನುಂಗಬಾರದೆಂಬುದನ್ನೂ, ನುಗ್ಗೆಸೊಪ್ಪು, ಹುರುಳಿಕಾಳಿನ ಸಾರಿಗೆ ಉಣ್ಣುವಾಗ ನಿಂಬೆಹಣ್ಣು ಹಿಂಡಿಕೊಂಡರೆ ಅದರಲ್ಲಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆಂಬುದನ್ನೂ ಕೂತು ವಿವರಿಸಿದೆ.

ಗಂಡನನ್ನು ಕರೆಸಿದ್ದು ಮೂರನೆಯ ಭೇಟಿಗೆ. ಮಾತು ಕಡಿಮೆಯ ಮನುಷ್ಯ. ಹೆಂಡತಿಯ ರಕ್ತ ಪರೀಕ್ಷೆಯ ಚೀಟಿಯನ್ನು ಓದಿ ಮಡಚಿ ಜೇಬಿಗಿಟ್ಟುಕೊಂಡರು, ಮತ್ತೆ ತೆಗೆದು ಓದಿದರು. ಆಮೇಲೆ, ಹೆಂಡತಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಎಂದು ನನ್ನನ್ನು ಕೇಳಿದರು. ಕೆಲಸವಿಲ್ಲದ ಮೂರು ತಿಂಗಳ ಬಾಡಿಗೆ, ಫೀಸು, ಅಂಗಡಿಯ ಉದ್ರಿ ತೀರಿಸಲು ಪರಿಚಯದವರೊಬ್ಬರಿಂದ ನೂರಕ್ಕೆ ಮೂರರ ಬಡ್ಡಿಗೆ 60,000 ರೂಪಾಯಿ ಕೈಸಾಲ ಪಡೆದಿದ್ದರು. ತಿಂಗಳಿಗೆ 1,800 ರೂಪಾಯಿ ಬಡ್ಡಿ. ಅದನ್ನು ಓವರ್‌ಟೈಮಿನ ದುಡ್ಡಿನಿಂದ ಕಟ್ಟುತ್ತ, ಓವರ್‌ಟೈಮ್ ಇದೆಯೆಂಬುದನ್ನೇ ಮನೆಯಲ್ಲಿ ಹೇಳಿರಲಿಲ್ಲ. ಹದಿನಾಲ್ಕು ತಿಂಗಳಲ್ಲಿ 25,200 ರೂಪಾಯಿ ಕಟ್ಟಿದ್ದರೂ ಅಸಲು 60,000 ಹಾಗೆಯೇ ನಿಂತಿತ್ತು. ಯಾಕೆ ಮುಚ್ಚಿಟ್ಟಿರಿ ಎಂದಾಗ, "ಅವಳು ಹೆದರ್ತಾಳೆ ಅಂತ" ಎಂದರು. ಆ ಮಾತನ್ನು ನಾನು ಪೂರ್ಣವಾಗಿ ನಂಬುತ್ತೇನೆ. ಹೆಂಡತಿಯೂ ತನ್ನ ಹಸಿವನ್ನು ಮುಚ್ಚಿಟ್ಟದ್ದು ಗಂಡ ನೊಂದುಕೊಂಡಾನೆಂಬ ಕಾರಣಕ್ಕೇ. ಪುಸ್ತಕಕ್ಕೆ ಬಾರದ ಆ ಎರಡು ಬಾಬ್ತುಗಳು ಒಂದಕ್ಕೊಂದು ತಿಳಿಯದೆ ಒಂದೇ ಮನೆಯಲ್ಲಿ ಬೆಳೆದಿದ್ದವು.

ಇದನ್ನು ನೀವೇ ಹೇಳಬೇಕು, ನಾನು ಹೇಳುವುದಿಲ್ಲ, ಆದರೆ ನೀವು ಹೇಳುವಾಗ ಪಕ್ಕದಲ್ಲಿರುತ್ತೇನೆ ಎಂದೆ. ಅದೇ ದಿನ ಹೇಳಿದರು. ಆಕೆ ಅಳಲಿಲ್ಲ, ಪೆನ್ಸಿಲ್ ಕೇಳಿ ಪಡೆದು ಪುಸ್ತಕದ ಕೊನೆಯ ಪುಟದಲ್ಲಿ 1,800ನ್ನು 660ರಿಂದ ಭಾಗಿಸಿದರು. ಎರಡೂವರೆ ಪ್ಯಾಕೆಟ್ಟಿಗಿಂತ ಹೆಚ್ಚಿನ ಹಾಲು ದಿನಾ ಬಡ್ಡಿಗೆ ಹೋಗುತ್ತಿತ್ತು. ಗಂಡ ಆ ಅಂಕಿಯನ್ನು ನೋಡಿ ತಲೆ ತಗ್ಗಿಸಿದರು. ಆಗ ನಾನು ಮಾತಾಡಲಿಲ್ಲ, ಅವರಿಬ್ಬರೂ ಆ ಅಂಕಿಯ ಮುಂದೆ ಸ್ವಲ್ಪ ಹೊತ್ತು ಕೂರುವುದು ಅಗತ್ಯವಿತ್ತು.

ದುಬಾರಿ ಬಡ್ಡಿಯ ಸಾಲವಿರುವ ಮನೆಯಲ್ಲಿ ಎಣ್ಣೆ, ಬೇಳೆಯ ಉಳಿತಾಯಕ್ಕಿಂತ ಮೊದಲು ಆ ಸಾಲದ ಸ್ವರೂಪ ಬದಲಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನೂರಕ್ಕೆ ಮೂರು ಎಂದರೆ ವರ್ಷಕ್ಕೆ ಶೇ. 36. ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟರೆ ಆಗ ಅವರಿಗೆ ಸಿಗಬಹುದಾಗಿದ್ದ ದರ ವರ್ಷಕ್ಕೆ ಶೇ. 10ರ ಆಸುಪಾಸು, ಅಂದರೆ 60,000ಕ್ಕೆ ತಿಂಗಳಿಗೆ 500 ರೂಪಾಯಿ. ಈ ದಾರಿಯನ್ನು ತಿಳಿಸಿದೆನೇ ಹೊರತು ಒತ್ತಾಯಿಸಲಿಲ್ಲ. ತವರಿನಿಂದ ಬಂದ ಒಡವೆ ಸ್ತ್ರೀಧನ, ಕಾನೂನಿನ ಪ್ರಕಾರ ಅದು ಹೆಂಡತಿಯ ಸ್ವಂತ ಆಸ್ತಿ, ಇಡುವುದೂ ಬಿಡುವುದೂ ಆಕೆಯ ತೀರ್ಮಾನ ಎಂದು ಗಂಡನ ಎದುರಿಗೇ ಹೇಳಿದೆ. ಆಕೆ ಒಂದು ವಾರ ಯೋಚಿಸಿ ಒಂದು ಜೊತೆ ಬಳೆ ಕೊಡಲು ಒಪ್ಪಿದರು. ಅಡವಿನ ಚೀಟಿ ಆಕೆಯ ಹೆಸರಿನಲ್ಲೇ ಇರಬೇಕು, ಮೊದಲು ಬಡ್ಡಿಗೆ ಹೋಗುತ್ತಿದ್ದ 1,800 ರೂಪಾಯಿಯನ್ನೇ ತಪ್ಪದೆ ಬ್ಯಾಂಕಿಗೆ ಕಟ್ಟುತ್ತ ಬರಬೇಕು, ಆಗ ಪ್ರತಿ ತಿಂಗಳೂ ಅಸಲು ಇಳಿಯುತ್ತದೆ ಎಂದು ಲೆಕ್ಕ ಮಾಡಿ ತೋರಿಸಿದೆ. ಕೈಸಾಲ ಕೊಟ್ಟವರಿಂದ ಪೂರ್ತಿ ಸಂದಾಯವಾಯಿತೆಂದು ಬರೆಸಿಕೊಳ್ಳಲು ಹೇಳಿದೆ, ಅವರು ಬರೆದುಕೊಟ್ಟರು.

ನಾಲ್ಕನೆಯ ಭೇಟಿಗೆ ಮನೆಯ ಐದೂ ಜನ ಬಂದರು. ಮಕ್ಕಳಿಗೆ ಎಷ್ಟು ಹೇಳಬೇಕೆಂದು ದಂಪತಿಗೆ ಅಳುಕಿತ್ತು. ಮಕ್ಕಳಿಗೆ ಎಲ್ಲವೂ ಗೊತ್ತಿತ್ತು: ಕಾಲೇಜಿನ ಪ್ರವಾಸ ರದ್ದಾಯಿತೆಂದು ಮಗಳು ಮನೆಯಲ್ಲಿ ಸುಳ್ಳು ಹೇಳಿದ್ದಳು. ಆದಾಯ ಎಷ್ಟು, ಸಾಲ ಎಷ್ಟು, ಎಷ್ಟು ದಿನ ಹೀಗೆ ಎಂಬ ಮೂರನ್ನು ಮಾತ್ರ ಹೇಳಿ, ತೀರಿಸುವ ಹೊಣೆ ದೊಡ್ಡವರದೆಂದು ಸ್ಪಷ್ಟಪಡಿಸಲು ತಿಳಿಸಿದೆ. ಎಷ್ಟು ದಿನ ಎಂಬುದಕ್ಕೆ ಗಡುವು ಇಡಿಸಿದೆ: ಆ ಯುಗಾದಿಯಿಂದ ಮುಂದಿನ ಯುಗಾದಿಗೆ. ಕೊನೆ ಕಾಣದ ಬಿಗಿತ ಮನುಷ್ಯರನ್ನು ಒಳಗೊಳಗೇ ಕೊರೆಯುತ್ತದೆ. ತಾರೀಕು ಇದ್ದರೆ ಹುಡುಗರೂ ತಾಳಿಕೊಳ್ಳುತ್ತಾರೆ. ಊಟದ ವಿಷಯ ಬಂದಾಗ ಅದುವರೆಗೆ ಸುಮ್ಮನಿದ್ದ ಅತ್ತೆ ಸೊಸೆಯ ಕಡೆ ತಿರುಗಿ, "ನಾನೂ ಈ ಮನೇಲಿ ಇಪ್ಪತ್ತು ವರ್ಷ ತಳ ಕೆರೆದು ಉಂಡೋಳೇ ಕಣವ್ವ, ನನಗಾದ್ರೂ ತಿಳೀಬೇಕಿತ್ತು" ಎಂದರು. ರಾತ್ರಿ ಊಟಕ್ಕೆ ಐದೂ ತಟ್ಟೆ ಒಟ್ಟಿಗೆ ಇಡಬೇಕು, ಮುದ್ದೆ ಕಟ್ಟುವಾಗಲೇ ಐದು ಕಟ್ಟಬೇಕು ಎಂಬ ನಿಯಮವನ್ನು ಮಾಡಿದವರು ಅವರೇ, ನಾನಲ್ಲ. ಮೂರನೆಯ ಪ್ಯಾಕೆಟ್ ಹಾಲು ಮರಳಿ ಬಂತು.

ಲೆಕ್ಕ ನೋಡುವುದಕ್ಕೆ ಸಂಬಳವಾದ ಮೇಲಿನ ಭಾನುವಾರ ಬೆಳಗ್ಗೆ ಅರ್ಧ ಗಂಟೆ ಸಾಕೆಂದು, ರಾತ್ರಿಯಾಗಲಿ ಊಟದ ಹೊತ್ತಿನಲ್ಲಾಗಲಿ ಪುಸ್ತಕ ತೆರೆಯಬಾರದೆಂದು ಹೇಳಿದೆ. ಗಂಡನಿಗೂ ಹೆಂಡತಿಗೂ ತಿಂಗಳಿಗೆ ತಲಾ 200 ರೂಪಾಯಿ ಲೆಕ್ಕ ಕೇಳದ ದುಡ್ಡು ಎಂದು ತೆಗೆದಿಡಿಸಿದೆ. ಆಕೆಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಖಾತೆಗೆ ಬಿದ್ದ ಮೇಲೆಯೇ ಜಮೆಗೆ ಹಿಡಿಯಬೇಕು, ಬರಲಿದೆಯೆಂದು ನೆಚ್ಚಿ ಉದ್ರಿ ತರಬಾರದು ಎಂದೆ. ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವೈದ್ಯರನ್ನು ಕೇಳಿಕೊಂಡು ಜನೌಷಧಿ ಕೇಂದ್ರದಿಂದ ತರತೊಡಗಿದರು. ಮಗನನ್ನು ಸರ್ಕಾರಿ ಶಾಲೆಗೆ ಸೇರಿಸಬಹುದಲ್ಲ ಎಂಬ ನನ್ನ ಸೂಚನೆಯನ್ನು ಇಬ್ಬರೂ ಒಪ್ಪಲಿಲ್ಲ. ಹೊಡೆತ ತಿಂದು ಅಂಜಿದ್ದ ಹುಡುಗನನ್ನು ಅವನ ನೆಚ್ಚಿನ ಶಿಕ್ಷಕಿಯಿಂದ ದೂರ ಮಾಡುವ ಮಾತನ್ನು ನಾನು ಆಡಬಾರದಿತ್ತು. ಶಾಲೆಯವರು ಫೀಸನ್ನು ಕಂತಿನಲ್ಲಿ ಕಟ್ಟಲು ಒಪ್ಪಿದರು.

ಮುಯ್ಯಿಯ, ಅಂದರೆ ಶುಭಕಾರ್ಯದ ಮನೆಗೆ ಉಡುಗೊರೆಯಾಗಿ ಹಾಕುವ ದುಡ್ಡಿನ ವಿಷಯ ಮಾತ್ರ ಎರಡು ಭೇಟಿಗಳನ್ನು ತೆಗೆದುಕೊಂಡಿತು. ಆ ವರ್ಷ ನೆಂಟರಲ್ಲಿ ಏಳು ಶುಭಕಾರ್ಯಗಳಿದ್ದವು, ಒಂದಕ್ಕೂ ಹೋಗುವುದಿಲ್ಲವೆಂದು ಆಕೆ ತೀರ್ಮಾನಿಸಿದ್ದರು. ಕೈ ಬರಿದಾದಾಗ ಹೆಂಗಸರು ಊಟದ ನಂತರ ಬಿಟ್ಟುಬಿಡುವುದು ಬಂಧುಬಳಗವನ್ನು, ಮತ್ತು ಕಷ್ಟದಲ್ಲಿ ಕೈ ಹಿಡಿಯುವವರೂ ಅವರೇ ಆಗಿರುತ್ತಾರೆ. ಹಾಗಾಗಿ ಹಳೆಯ ಮುಯ್ಯಿ ಪುಸ್ತಕವನ್ನು ತರಿಸಿದೆ. ಏಳರಲ್ಲಿ ನಾಲ್ಕು ಮನೆಯವರಿಂದ ಇವರಿಗೆ ಮೊದಲೇ ಮುಯ್ಯಿ ಬಂದಿತ್ತು, ಒಟ್ಟು 2,100 ರೂಪಾಯಿ. ಬಂದದ್ದಕ್ಕಿಂತ ಏರಿಸಿ ಹಾಕುವುದು ವಾಡಿಕೆ. ಬಂದಷ್ಟನ್ನೇ ತಿರುಗಿಸಿದರೆ ಬಾಕಿ ತೀರಿದಂತೆ, ಏರಿಸಿ ಹಾಕಿದರೆ ಹೊಸದಾಗಿ ಸಾಲ ಕೊಟ್ಟಂತೆ, ಈ ವರ್ಷ ಸಾಲ ಕೊಡುವ ಸ್ಥಿತಿ ನಿಮ್ಮದಲ್ಲ ಎಂದೆ. ಉಳಿದ ಮೂರು ಮನೆಗಳಿಗೆ ಹಿಂದಿನ ದಿನವೇ ಹೋಗಿ ಹೂ ಕಟ್ಟಿ, ತರಕಾರಿ ಹೆಚ್ಚಿ, ಚಪ್ಪರದ ಕೆಲಸಕ್ಕೆ ನಿಂತು ಬರಲಿ ಎಂದೆ. ಶಕ್ತಿ ಯೋಜನೆಯಿಂದ ಆಕೆಗೂ ಮಗಳಿಗೂ ಸರ್ಕಾರಿ ಬಸ್ಸಿನ ಖರ್ಚಿಲ್ಲ. ಆಕೆ ಏಳಕ್ಕೂ ಹೋದರು. ಒಂದು ಮನೆಯಲ್ಲಿ ಚುಚ್ಚುಮಾತು ಕೇಳಬೇಕಾಯಿತು, ಅತ್ತುಕೊಂಡೇ ಬಂದು ಹೇಳಿದರು. ಇನ್ನೊಂದು ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟುವ ಕೆಲಸ ಸಿಕ್ಕಿತು. ಆ ಕೆಲಸ ಹಿಡಿಯುವ ಮೊದಲು ಸಂಜೆಯ ಪಾತ್ರೆ ಯಾರು ತೊಳೆಯುತ್ತಾರೆಂದು ನಿರ್ಧಾರವಾಗಲಿ ಎಂದೆ. ಗಂಡ ಒಪ್ಪಿಕೊಂಡರು.

2025ರ ಯುಗಾದಿ ಕಳೆದ ಮೇಲೆ ದಂಪತಿ ಬಂದಾಗ ಬ್ಯಾಂಕಿನ ಅಸಲು ಸುಮಾರು 44,000ಕ್ಕೆ ಇಳಿದಿತ್ತು, ಅಡವನ್ನು ನವೀಕರಿಸಿದ್ದರು. ಹಿಮೋಗ್ಲೋಬಿನ್ 11.3 ಆಗಿತ್ತು. ಮಗನ ಮೇಲೆ ಮತ್ತೆ ಕೈ ಎತ್ತಿಲ್ಲವೆಂದು ಆಕೆಯೂ ಹೇಳಿದರು, ಹುಡುಗನೂ ಪ್ರತ್ಯೇಕವಾಗಿ ಹೇಳಿದ. ಎಣ್ಣೆಯ ಕ್ಯಾನಿನ ಮೇಲೆ ಬಿಂದಿಗಳು ಇನ್ನೂ ಇವೆ, ಈಗ ಅವನ್ನು ಅಂಟಿಸುವವನು ಮಗ. ಇನ್ನೊಂದು ವರ್ಷ ಹೀಗೆಯೇ ನಡೆಸಬೇಕಾಗುತ್ತದೆ ಎಂಬುದನ್ನು ಇಬ್ಬರೂ ಒಪ್ಪಿ, ಬಳೆ ಬಿಡಿಸುವ ತನಕ ಎಂದು ಪುಸ್ತಕದ ಹೊಸ ಪುಟದ ತಲೆಗೆ ಬರೆದುಕೊಂಡಿದ್ದಾರೆ. ಗಂಡ ಓವರ್‌ಟೈಮಿನ ದುಡ್ಡನ್ನು ಜಮೆಯ ಬದಿಗೆ ತಾವೇ ಬರೆಯುತ್ತಾರೆ. ಎರಡು ತಿಂಗಳು ಬರೆಯಲು ಬಿಟ್ಟಿದ್ದರು, ಆಕೆ ಕೇಳಿದ ಮೇಲೆ ಬರೆದರು. ಮುಂದಿನ ಭೇಟಿ ಗೌರಿ ಹಬ್ಬ ಕಳೆದ ಮೇಲೆ.